ತೋಟದ ರೋಗಗಳನ್ನು ಫೋನಿನ ಚಿತ್ರದಿಂದ ತಿಳಿಯಪಡಿಸುವ ಕ್ರಮ

ದನಕರುಗಳಿಗೆ ಕಾಯಿಲೆಯಾದರೆ ಹಗ್ಗ ಹಿಡಿದು ಆಸ್ಪತ್ರೆಯವರೆಗೆ ನಡೆಸಿಕೊಂಡು ಹೋಗಬಹುದು. ೬೦ ಅಡಿ ಎತ್ತರದ ತೆಂಗಿನ ಮರಕ್ಕೆ ರೋಗ ತಗುಲಿದರೆ ಅದನ್ನು ಎಲ್ಲಿಗೂ ಕೊಂಡೊಯ್ಯುವಂತಿಲ್ಲ. ಬಲ್ಲವರೇ ಮರದ ಬಳಿಗೆ ಬರಬೇಕು, ಇಲ್ಲವೆ ಮರದ ಯಾವುದಾದರೊಂದು ಭಾಗವು ಬಲ್ಲವರ ಬಳಿಗೆ ಹೋಗಬೇಕು. ಗುಬ್ಬಿಯಿಂದ ತುಮಕೂರಿಗೆ ಸುಮಾರು ೨೦ ಕಿಲೋಮೀಟರು, ಕುಣಿಗಲಿನಿಂದ ಅದಕ್ಕೂ ಹೆಚ್ಚು. ಚೀಲದಲ್ಲಿ ಸುತ್ತಿ ತಂದ ಎಲೆಯು ಬಸ್ಸಿನ ಸೆಕೆಗೆ ಬಾಡಿ, ಕಛೇರಿಯ ಮೇಜಿನ ಮೇಲೆ ಬಿಡಿಸುವ ಹೊತ್ತಿಗೆ ರೋಗದಿಂದ ಬಂದ ಬಣ್ಣ ಯಾವುದು, ಬಾಡಿದ್ದರಿಂದ ಬಂದ ಬಣ್ಣ ಯಾವುದು ಎಂಬುದೇ ತಿಳಿಯದಂತಾಗಿರುವುದುಂಟು.

ಈ ತೊಂದರೆಯನ್ನು ಈಚೆಗೆ ಮೊಬೈಲ್ ಫೋನು ಬಹುಮಟ್ಟಿಗೆ ನೀಗಿಸಿದೆ. ಬೇಸಾಯಗಾರರು ತೋಟದಲ್ಲಿ ನಿಂತೇ ಚಿತ್ರ ತೆಗೆದು ನಿಮಿಷಮಾತ್ರದಲ್ಲಿ ಕಳುಹಿಸುತ್ತಿದ್ದಾರೆ. ಆದರೆ ಹಾಗೆ ಬರುವ ಚಿತ್ರಗಳಲ್ಲಿ ಅನೇಕವು ಸಲಹೆ ಕೊಡುವುದಕ್ಕೆ ಸಾಲದೆ ಹೋಗುತ್ತಿವೆ. ತಪ್ಪು ಫೋನಿನದಲ್ಲ. ಯಾವುದನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಆ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಲಾಗಿದೆ.

ಮೊದಲು ಹಿಂದಿನ ಕಾಲದ ಪಾಡನ್ನು ನೆನೆಯುವುದು ಒಳ್ಳೆಯದು. ಮೈಸೂರು ಸಂಸ್ಥಾನಕ್ಕೆ ಡಾಕ್ಟರ್ ಲೆಸ್ಲಿ ಕೋಲ್ಮನ್ ಸಾಹೇಬರು ಕೀಟ ಮತ್ತು ಬೂಷ್ಟು ರೋಗಗಳ ತಜ್ಞರಾಗಿ ಬಂದದ್ದು ೧೯೦೮ರಲ್ಲಿ. ಅಡಿಕೆಯ ಕೊಳೆರೋಗವನ್ನು ಕುರಿತ ಅವರ ವರದಿ ೧೯೧೦ರಲ್ಲಿ ಪ್ರಕಟವಾಯಿತು. ೧೯೧೩ರಲ್ಲಿ ಅವರು ವ್ಯವಸಾಯ ಇಲಾಖೆಯ ಡೈರೆಕ್ಟರಾದರು. ಆ ದಿನಗಳಲ್ಲಿ ತೋಟದಲ್ಲಿ ಒಂದು ಛಾಯಾಚಿತ್ರ ತೆಗೆಯಬೇಕಾದರೆ ಮರದ ಪೆಟ್ಟಿಗೆಯಂಥ ಕ್ಯಾಮರಾ, ಮೂರು ಕಾಲಿನ ನಿಲುವು, ತಲೆಯ ಮೇಲೆ ಹೊದೆಯುವ ಕರಿಯ ಬಟ್ಟೆ, ಬೆಳಕು ತಾಕದಂತೆ ಮುಚ್ಚಿಟ್ಟ ಗಾಜಿನ ಫಲಕಗಳು ಇವೆಲ್ಲವೂ ಬೇಕಾಗಿದ್ದುವು. ‘ಹಾಫ್ ಪ್ಲೇಟ್’ ಎಂಬ ಫಲಕವು ನಾಲ್ಕೂಮುಕ್ಕಾಲು ಅಂಗುಲಕ್ಕೆ ಆರೂವರೆ ಅಂಗುಲ. ಒಂದು ಡಜನ್ ಫಲಕಗಳೆಂದರೆ ಒಂದು ಡಜನ್ ಗಾಜು. ಗಾಡಿಯ ಕುಲುಕಿಗೆ ಒಡೆದರೆ ದಿನದ ಕೆಲಸ ಹಾಳು. ಚಿತ್ರ ಬಂದಿದೆಯೋ ಇಲ್ಲವೋ ಎಂಬುದು ಕತ್ತಲೆಯ ಕೋಣೆಯಲ್ಲಿ ರಾಸಾಯನಿಕ ದ್ರವದಲ್ಲಿ ಅದ್ದಿ ತೊಳೆದ ಮೇಲಲ್ಲದೆ ತಿಳಿಯುತ್ತಿರಲಿಲ್ಲ.

ಭಾರವೊಂದೇ ಕಷ್ಟವಾಗಿದ್ದರೆ ಆಳುಗಳಿಂದ ಹೊರಿಸಬಹುದಾಗಿತ್ತು. ಅದಕ್ಕಿಂತ ದೊಡ್ಡ ಕಷ್ಟ ಬಣ್ಣದ್ದು. ಆಗಿನ ಸಾಧಾರಣ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಕುತ್ತಿತ್ತು, ಹಳದಿ ಮತ್ತು ಕೆಂಪು ತಾಕುತ್ತಿರಲಿಲ್ಲ. ಹಳದಿಯ ಮಚ್ಚೆ ಚಿತ್ರದಲ್ಲಿ ಕಪ್ಪಾಗಿ ಬೀಳುತ್ತಿತ್ತು. ಗಿಡದ ರೋಗವು ಮೊದಲು ಕಾಣಿಸಿಕೊಳ್ಳುವುದೇ ಹಸುರು ಹಳದಿಗೆ ತಿರುಗುವುದರಲ್ಲಿ. ಆ ಗುರುತನ್ನೇ ಕ್ಯಾಮರಾ ನುಂಗಿಹಾಕುತ್ತಿತ್ತು. ಆದಕಾರಣ ವ್ಯವಸಾಯ ಇಲಾಖೆಗಳಲ್ಲಿ ಚಿತ್ರಕಾರರನ್ನು ಇಟ್ಟುಕೊಂಡು ಕೀಟಗಳನ್ನೂ ರೋಗದ ಎಲೆಗಳನ್ನೂ ಬಣ್ಣದಲ್ಲಿ ಬರೆಯಿಸುವ ಪದ್ಧತಿಯಿತ್ತು.

೨೦೦೦ನೆಯ ಇಸವಿಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಕ್ಯಾಮರಾ ಫೋನಿನ ಚಿತ್ರವು ೧ ಲಕ್ಷದ ೧೦ ಸಾವಿರ ಬಿಂದುಗಳಿಂದ ಕೂಡಿತ್ತು. ಅದರಿಂದ ಮುಖದ ಗುರುತು ಹಿಡಿಯಬಹುದಾಗಿತ್ತೇ ಹೊರತು ಎಲೆಯ ಚುಕ್ಕೆಯನ್ನಲ್ಲ. ಈಗ ಸಾಧಾರಣ ಬೆಲೆಯ ಫೋನುಗಳಲ್ಲಿಯೂ ಕೋಟಿಗೂ ಮೇಲ್ಪಟ್ಟ ಬಿಂದುಗಳುಂಟು. ಆದರೂ ನಮ್ಮ ಕೆಲಸಕ್ಕೆ ಬಿಂದುಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೊಂದಿದೆ. ಹಾಫ್ ಪ್ಲೇಟ್ ಕ್ಯಾಮರಾದ ಮಸೂರಕ್ಕೆ ಸಂಗಮದೂರವು ೮ ಅಂಗುಲದಷ್ಟಿರುತ್ತಿತ್ತು; ಫೋನಿನ ಮುಖ್ಯ ಮಸೂರಕ್ಕೆ ಅದು ಕೆಲವೇ ಮಿಲಿಮೀಟರು. ಮಸೂರ ಚಿಕ್ಕದಾದಷ್ಟೂ ಹತ್ತಿರದ ವಸ್ತುವಿನ ಮುಂಭಾಗ ಹಿಂಭಾಗಗಳೆರಡೂ ಸ್ಪಷ್ಟವಾಗಿ ಬೀಳುವುವು. ದೊಡ್ಡ ಕ್ಯಾಮರಾದಲ್ಲಿ ಈ ಸ್ಪಷ್ಟತೆ ಬರಬೇಕಾದರೆ ಕಿಂಡಿಯನ್ನು ಬಹಳ ಕಿರಿದುಮಾಡಿ ಕೆಲವು ಸೆಕೆಂಡುಗಳ ಕಾಲ ಬೆಳಕು ಬಿಡಬೇಕು. ಅಷ್ಟು ಹೊತ್ತು ಗಾಳಿಯಲ್ಲಿ ಅಲುಗದೆ ನಿಲ್ಲುವ ತೆಂಗಿನ ಗರಿಯನ್ನಾಗಲಿ ರಾಗಿಯ ತೆನೆಯನ್ನಾಗಲಿ ಕಂಡವರಾರು? ಫೋನು ಅಗ್ಗವೆಂದು ದೊಡ್ಡ ಯಂತ್ರದ ಬದಲಿಗೆ ಬಳಸುವ ವಸ್ತುವೆಂದು ತಿಳಿಯಬೇಕಾಗಿಲ್ಲ. ಎಲೆಯ ಮೇಲಿನ ಹುಳುವನ್ನು ತೋಟದಲ್ಲೇ ಹಿಡಿದು ತೋರಿಸುವುದಕ್ಕೆ ಅದೇ ಮೇಲು.

ಇಷ್ಟು ಒಳ್ಳೆಯ ಸಾಧನವಿದ್ದೂ ಅದರಿಂದ ಹೇಗೆ ಮೋಸಹೋಗಬಹುದೆಂಬುದಕ್ಕೆ ಈ ಲೇಖಕನ ಅನುಭವವನ್ನೇ ಹೇಳಬಹುದು. ಗುಬ್ಬಿಯ ಕಡೆಯ ಒಬ್ಬ ತೆಂಗಿನ ಬೆಳೆಗಾರರು ಒಂದು ಸಂಜೆ ಫೋನು ಮಾಡಿ, ಮರದ ಕೆಳಗಿನ ಗರಿಗಳು ಹಳದಿಯಾಗಿ ಜೋತುಬೀಳುತ್ತಿವೆ ಎಂದರು. ಗರಿಯ ಚಿತ್ರ ಕಳುಹಿಸಿರೆಂದು ನಾನು ಹೇಳಿದೆ. ಬಂದ ಚಿತ್ರ ಸ್ಪಷ್ಟವಾಗಿಯೇ ಇತ್ತು. ಇಳಿಬಿಸಿಲಿನ ಬೆಳಕಿನಲ್ಲಿ ಗರಿಯೆಲ್ಲ ಹೊಂಬಣ್ಣವಾಗಿ ಕಂಡಿತು. ಪೊಟ್ಯಾಷ್ ಕೊರತೆಯಿರಬೇಕೆಂದು ಊಹಿಸಿ ಗೊಬ್ಬರದ ಪ್ರಮಾಣವನ್ನು ಹೇಳಿದೆ. ಮೂರು ತಿಂಗಳ ಮೇಲೆ ಆ ದಾರಿಯಲ್ಲಿ ಹೋಗುವ ಸಂದರ್ಭ ಬಂದು ತೋಟವನ್ನು ಹೊಕ್ಕಾಗ ಮರದ ಬುಡದಿಂದ ಕಂದುಬಣ್ಣದ ರಸ ಸೋರಿ ಒಣಗಿತ್ತು. ಸುಳಿ ಒಂದನ್ನು ಬಿಟ್ಟು ಉಳಿದ ಗರಿಗಳೆಲ್ಲ ಬಿದ್ದಿದ್ದುವು. ಅದು ಅಣಬೆ ರೋಗ. ಬೇರಿನ ಮೂಲಕ ಮಣ್ಣಿನಲ್ಲಿ ಹರಡತಕ್ಕದ್ದು. ಪಕ್ಕದ ಎರಡು ಮರಗಳ ಬುಡದಲ್ಲಿಯೂ ರಸ ಕಾಣಿಸಿಕೊಂಡಿತ್ತು. “ಸ್ವಾಮಿ, ಬುಡದಲ್ಲಿ ಕಂದುನೀರು ಆಗಲೂ ಇಳೀತಿತ್ತು. ತಾವು ಗರಿ ಕೇಳಿದಿರಿ, ನಾನು ಗರಿ ತೋರಿಸಿದೆ” ಎಂದು ಆ ಬೆಳೆಗಾರರು ಹೇಳಿದರು. ಅವರ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದುದರಿಂದಲೇ ಅದು ಹೆಚ್ಚಾಗಿ ನಾಟಿತು. ಮೊದಲ ದಿನವೇ ಬುಡವನ್ನು ನೋಡಿದ್ದರೆ ರೋಗದ ಮರದ ಸುತ್ತ ೨ ಅಡಿ ಆಳದ ಕಾಲುವೆ ತೋಡಿಸಿ, ನೆರೆಯ ಮರಗಳಿಗೆ ಟ್ರೈಕೋಡರ್ಮ ಬೆರೆಸಿದ ಬೇವಿನ ಹಿಂಡಿಯನ್ನು ಹಾಕಿಸಿ, ಅವೆರಡನ್ನಾದರೂ ಉಳಿಸಿಕೊಳ್ಳುವ ಯತ್ನಕ್ಕೆ ಮೂರು ತಿಂಗಳ ಕಾಲ ಸಿಕ್ಕುತ್ತಿತ್ತು.

ಅಂದಿನಿಂದ ಯಾರು ಕೇಳಿದರೂ ಒಂದು ಚಿತ್ರದಿಂದ ಸಲಹೆ ಹೇಳುವುದನ್ನು ಬಿಟ್ಟಿದ್ದೇನೆ. ಎಲೆಯೆಂದರೆ ಗಿಡವಲ್ಲ. ರೋಗ ಒಂದು ಕಡೆ ಇರುವುದು, ಅದರ ಗುರುತು ಇನ್ನೊಂದು ಕಡೆ ಕಾಣುವುದು. ಆದಕಾರಣ ಮರವಾಗಲಿ ಪೈರಾಗಲಿ, ಮೊದಲನೆಯ ಚಿತ್ರವನ್ನು ದೂರ ನಿಂತು ತೆಗೆಯಬೇಕು; ಅದರಲ್ಲಿ ರೋಗದ ಗಿಡದೊಡನೆ ನೆರೆಯ ಆರೋಗ್ಯವಾದ ಗಿಡವೂ ಬೀಳಬೇಕು. ಒಂದೇ ಮರ ಕೆಟ್ಟಿದೆಯೋ, ಸಾಲೆಲ್ಲ ಕೆಟ್ಟಿದೆಯೋ, ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಕೆಟ್ಟಿದೆಯೋ ಎಂಬುದು ಇದರಿಂದಲ್ಲದೆ ತಿಳಿಯದು. ಎರಡನೆಯದು ಇಡೀ ಗಿಡದ ಚಿತ್ರ, ಬುಡದಿಂದ ತುದಿಯವರೆಗೆ. ಮೂರನೆಯದು ಬುಡ ಮತ್ತು ಅದರ ಸುತ್ತಣ ಮಣ್ಣು. ಇದನ್ನು ಯಾರೂ ಕಳುಹಿಸುವುದಿಲ್ಲ; ಇದೇ ಬಹಳ ಸಲ ಬೇಕಾಗಿರುವುದು. ಕೊನೆಗೆ ರೋಗದ ಭಾಗವನ್ನು ಹತ್ತಿರದಿಂದ, ಎಲೆಯಾದರೆ ಮೇಲ್ಮೈ ಒಂದು, ಅಡಿಮೈ ಒಂದು. ಹತ್ತಿರದ ಚಿತ್ರದಲ್ಲಿ ಒಂದು ರೂಪಾಯಿಯ ನಾಣ್ಯವನ್ನೋ ಬೆಂಕಿಕಡ್ಡಿಯನ್ನೋ ಪಕ್ಕದಲ್ಲಿಟ್ಟರೆ ಚುಕ್ಕೆಯ ಗಾತ್ರ ತಿಳಿಯುವುದು. ಇಲ್ಲದಿದ್ದರೆ ರಾಗಿಕಾಳಿನಷ್ಟಿರುವ ಹುಳುವೂ ಬೆರಳಿನಷ್ಟಿರುವ ಹುಳುವೂ ಫೋನಿನ ಗಾಜಿನ ಮೇಲೆ ಒಂದೇ ಸಮ.

ಬೆಳಕಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ನಡುಮಧ್ಯಾಹ್ನದ ಬಿಸಿಲು ತೆಂಗಿನ ಎಲೆಯ ಮೇಲೆ ಬಿದ್ದು ಕನ್ನಡಿಯಂತೆ ಹೊಳೆದು ಚುಕ್ಕೆಗಳನ್ನು ಮರೆಮಾಡುವುದು. ಬೆಳಗ್ಗೆ ಬಿಸಿಲೇರುವುದಕ್ಕೆ ಮುಂಚೆ, ಅಥವಾ ತೆಳುಮೋಡದ ಹೊತ್ತಿನಲ್ಲಿ ತೆಗೆದ ಚಿತ್ರ ಉತ್ತಮ. ಬಿಸಿಲಿನಲ್ಲೇ ತೆಗೆಯಬೇಕಾದರೆ ತೆಗೆಯುವವರು ತಮ್ಮ ನೆರಳನ್ನು ಎಲೆಯ ಮೇಲೆ ಪೂರ್ತಿಯಾಗಿ ಬೀಳಿಸಿಕೊಳ್ಳಬಹುದು. ಅರ್ಧ ನೆರಳು ಅರ್ಧ ಬಿಸಿಲು ಮಾತ್ರ ಕೂಡದು. ಅಡಿಕೆ ತೋಟದ ಒಳಗೆ ಸೋಗೆಗಳ ನಡುವೆ ಇಳಿದುಬರುವ ಬೆಳಕೇ ಹಸುರು. ಅಂಥಲ್ಲಿ ಫೋನು ತನ್ನ ಊಹೆಯಿಂದ ಬಣ್ಣವನ್ನು ಸರಿಪಡಿಸಲು ಹೋಗಿ ಎಡವುವುದುಂಟು. ಎಲೆಯ ಅಂಚಿನಲ್ಲಿ ಒಂದು ತುಂಡು ಬಿಳಿಯ ಕಾಗದವನ್ನು ಇಟ್ಟು ತೆಗೆದರೆ, ಕಾಗದ ಎಷ್ಟು ಹಸುರಾಗಿ ಬಿದ್ದಿದೆಯೆಂದು ನೋಡಿ ಎಲೆಯ ನಿಜವಾದ ಬಣ್ಣವನ್ನು ಅಳೆಯಬಹುದು. ಆದರೆ ಎಲೆಯ ಹಿಂದೆಲ್ಲ ಬಿಳಿಯ ಬಟ್ಟೆಯನ್ನು ಹಿಡಿಯಬಾರದು. ಬಿಳುಪಿಗೆ ಫೋನು ಬೆದರಿ ಎಲೆಯನ್ನು ಕಪ್ಪುಮಾಡುವುದು. ಹಿನ್ನೆಲೆಗೆ ಗೋಣಿಚೀಲದಂಥದು ಮತ್ತೊಂದಿಲ್ಲ. ಅದು ಪ್ರತಿ ಮನೆಯಲ್ಲಿಯೂ ಉಂಟು, ಹೊಳೆಯುವುದಿಲ್ಲ, ಎಲೆಯ ಹಸುರಿಗೂ ಹಳದಿಗೂ ಒಪ್ಪುವುದು.

ಫೋನಿನ ಮುಖ್ಯ ಮಸೂರವು ಸಾಮಾನ್ಯವಾಗಿ ೪ ಅಂಗುಲಕ್ಕಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಹುಳುವಿನ ಮೇಲೆ ಫೋನನ್ನು ಒತ್ತಿಹಿಡಿದರೆ ಬರುವುದು ಮಬ್ಬು ಮಾತ್ರ. ಗೇಣುದೂರದಲ್ಲಿ ಹಿಡಿದು, ಗಾಜಿನ ಮೇಲೆ ಹುಳುವಿರುವ ಜಾಗವನ್ನು ಬೆರಳಿನಿಂದ ಮುಟ್ಟಿ, ಉಸಿರು ಬಿಗಿಹಿಡಿದು ತೆಗೆಯಬೇಕು. ಬೆರಳುಗಳಿಂದ ಹಿಗ್ಗಿಸಿ ತೆಗೆಯುವುದರಿಂದ ಲಾಭವಿಲ್ಲ. ಇದ್ದ ಚಿತ್ರವೇ ದೊಡ್ಡದಾಗುವುದಲ್ಲದೆ ಹೊಸ ವಿವರವೇನೂ ಬರದು. ಇನ್ನೂ ಹತ್ತಿರ ಬೇಕಾದರೆ ಹತ್ತರಷ್ಟು ದೊಡ್ಡದು ಮಾಡುವ ಕೈಮಸೂರವನ್ನು ಫೋನಿನ ಕಣ್ಣಿಗೆ ತಾಗಿಸಿ ಹಿಡಿದು, ಎರಡನ್ನೂ ಸೇರಿಸಿ ಎಲೆಯ ಕಡೆಗೆ ಮೆಲ್ಲನೆ ತರಬೇಕು. ಮರದ ತಲೆಯ ಚಿತ್ರವನ್ನು ನೆಲದಿಂದ ತೆಗೆದರೆ ಆಕಾಶದ ಬೆಳಕಿಗೆ ಗರಿಗಳು ಕರಿಯ ನೆರಳುಗಳಾಗುವುವು. ಕಾಯಿ ಕೀಳಲು ಹತ್ತುವವರ ಕೊರಳಿಗೆ ಫೋನನ್ನು ದಾರದಿಂದ ಕಟ್ಟಿ ಕಳುಹಿಸುವುದೇ ಸರಿಯಾದ ಉಪಾಯ. ಬರಿಯ ಜೇಬಿನಲ್ಲಿಟ್ಟು ಕಳುಹಿಸಿದವರು ಫೋನಿನ ಚೂರುಗಳನ್ನು ಆಯ್ದುಕೊಂಡದ್ದೂ ಉಂಟು.

ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಕಾಣುವ ಕೆಲವು ಪೀಡೆಗಳಿಗೆ ಯಾವ ಭಾಗವನ್ನು ತೋರಿಸಬೇಕೆಂಬುದನ್ನು ಹೇಳಬೇಕು. ತೆಂಗಿನ ಕಪ್ಪುತಲೆ ಹುಳುವು ಗರಿಯ ಅಡಿಮೈಯಲ್ಲಿ ನೂಲು ಮತ್ತು ಹಿಕ್ಕೆಗಳಿಂದ ಕೊಳವೆ ಕಟ್ಟಿಕೊಂಡು ಹಸುರನ್ನು ಕೆರೆದು ತಿನ್ನುವುದು. ದೂರದಿಂದ ತೋಟವು ಬೆಂಕಿಯಲ್ಲಿ ಬೆಂದಂತೆ ಕಾಣುವುದರಿಂದ ನೀರಿನ ಕೊರತೆಯೆಂದು ಭ್ರಮಿಸುವವರುಂಟು. ಅಡಿಮೈಯ ಚಿತ್ರವೊಂದು ಬಂದರೆ ಸಂಶಯ ಉಳಿಯದು. ತೆಂಗಿನ ಕಾಯಿಯ ನುಸಿಯು ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಬಳಿಕ ನಮ್ಮಲ್ಲಿಗೂ ಹಬ್ಬಿತು. ಅದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟಿದ್ದು ತೊಟ್ಟಿನ ಕೆಳಗೆ ಅಡಗಿರುವುದು. ಅದನ್ನು ಹಿಡಿಯಲು ಯಾವ ಫೋನಿಗೂ ಸಾಧ್ಯವಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಎಳಗಾಯಿಯ ತೊಟ್ಟಿನಿಂದ ಕೆಳಗಿಳಿದ ಮಾಸಲು ಹಳದಿಯ ತ್ರಿಕೋನಾಕಾರದ ಮಚ್ಚೆಯನ್ನು ತೋರಿಸಿದರೆ ಸಾಕು. ರಾಗಿಯ ಬೆಂಕಿರೋಗಕ್ಕೆ ನಡುವೆ ಬೂದಿಬಣ್ಣ, ಅಂಚಿನಲ್ಲಿ ಕಂದು ಇರುವ ಕದಿರಿನಾಕಾರದ ಚುಕ್ಕೆಯನ್ನೂ, ತೆನೆಯ ಕುತ್ತಿಗೆ ಕಪ್ಪಾಗಿದ್ದರೆ ಅದನ್ನೂ ತೆಗೆಯಬೇಕು. ಮುಸುಕಿನ ಜೋಳದ ಫಾಲ್ ಸೈನಿಕ ಹುಳು ಇಂಡಿಯಾದಲ್ಲಿ ಮೊದಲು ಗೊತ್ತಾದದ್ದು ೨೦೧೮ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಅದರ ತಲೆಯ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿಯ ಗೆರೆಯೂ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕರಿಯ ಚುಕ್ಕೆಗಳೂ ಇರುವುವು. ಹುಳುವಿನ ಪಕ್ಕೆಯ ಚಿತ್ರ ಕಳುಹಿಸಿದರೆ ಇವೆರಡೂ ಕಾಣದೆ ಹೋಗುವುವು. ಬೆನ್ನಿನ ಕಡೆಯಿಂದ ತೆಗೆಯಬೇಕು.

ತೆಂಗಿನ ಸುರುಳಿ ಬಿಳಿನೊಣದ ವಿಚಾರವನ್ನು ಪ್ರತ್ಯೇಕವಾಗಿ ಹೇಳುವುದಕ್ಕೆ ಕಾರಣವುಂಟು. ಇದು ೨೦೧೬ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಗೊತ್ತಾಗಿ ಅನಂತರ ನಮ್ಮ ತೋಟಗಳಿಗೆ ಬಂದಿತು. ನೊಣವು ಎಲೆಯ ಅಡಿಯಲ್ಲಿದ್ದು ಸಿಹಿರಸ ಸುರಿಸುವುದು. ಅದು ಕೆಳಗಿನ ಗರಿಗಳ ಮೇಲೆ ಬಿದ್ದು ಅಲ್ಲಿ ಮಸಿಯಂಥ ಬೂಷ್ಟು ಬೆಳೆಯುವುದು. ಬೆಳೆಗಾರರು ಕಳುಹಿಸುವುದು ಈ ಮಸಿಯ ಚಿತ್ರವನ್ನೇ. ಮಸಿಗೆ ಕಾರಣ ಮೇಲಿನ ಗರಿಯ ಅಡಿಯಲ್ಲಿರುವುದು. ಅಲ್ಲಿನ ಮರಿಗಳನ್ನು ಕೈಮಸೂರ ಹಿಡಿದು ತೆಗೆದರೆ ಕೆಲವು ಬಿಳಿಯಾಗಿಯೂ ಕೆಲವು ಕಪ್ಪಾಗಿಯೂ ಕಾಣಬಹುದು. ಕಪ್ಪಾದವುಗಳೊಳಗೆ ಎನ್‌ಕಾರ್ಸಿಯ ಎಂಬ ಅತಿ ಸಣ್ಣ ಕಣಜ ಮೊಟ್ಟೆಯಿಟ್ಟು ಅವುಗಳನ್ನು ತಿನ್ನುತ್ತಿರುವುದು. ಕಪ್ಪು ಹೆಚ್ಚಾಗಿದ್ದರೆ ಆ ತೋಟಕ್ಕೆ ವಿಷದ ಔಷಧವನ್ನು ಸಿಂಪಡಿಸಲೇಬಾರದು; ಸಿಂಪಡಿಸಿದರೆ ಸಾಯುವುದು ನಮ್ಮ ನೆಂಟ, ಉಳಿಯುವುದು ಶತ್ರು. ಒಂದು ಒಳ್ಳೆಯ ಚಿತ್ರದಿಂದ ಬೆಳೆಗಾರರಿಗೆ ಔಷಧದ ಖರ್ಚೂ ಸಿಂಪಡಿಸುವ ಕೂಲಿಯೂ ಉಳಿಯುವ ಸಂದರ್ಭ ಇದು.

ಚಿತ್ರಕ್ಕೆ ಅಂದ ಹೆಚ್ಚಿಸುವ ಯಾವ ಏರ್ಪಾಡನ್ನೂ ಬಳಸಕೂಡದು. ಅವು ಹಸುರನ್ನು ಇನ್ನೂ ಹಸುರು ಮಾಡುವುವು. ಮದುವೆಯ ಚಿತ್ರಕ್ಕೆ ಅದು ಸೈ, ರೋಗಿಯ ಚಿತ್ರಕ್ಕಲ್ಲ. ವಾಟ್ಸಪ್ಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಸೂಕ್ಷ್ಮ ಗುರುತುಗಳು ಅಳಿಯುವುದರಿಂದ ‘ಡಾಕ್ಯುಮೆಂಟ್’ ಎಂಬಲ್ಲಿಂದ ಕಳುಹಿಸುವುದು ಲೇಸು. ಜೊತೆಗೆ ನಾಲ್ಕು ಮಾತುಗಳು ಬೇಕು: ಯಾವ ತಳಿ, ಎಷ್ಟು ವಯಸ್ಸು, ರೋಗ ಕಂಡು ಎಷ್ಟು ದಿನವಾಯಿತು, ಅಲ್ಲಿಯವರೆಗೆ ಏನು ಹಾಕಿದ್ದೀರಿ. ಕೊನೆಯದನ್ನು ಮುಚ್ಚಿಡುವ ವಾಡಿಕೆಯುಂಟು. ಅಂಗಡಿಯವರು ಹೇಳಿದ ಔಷಧವನ್ನು ಹಾಕಿದ್ದರೆ ಸಂಕೋಚಪಡದೆ ಅದನ್ನೂ ತಿಳಿಸಬೇಕು. ಔಷಧದಿಂದಲೇ ಸುಟ್ಟ ಎಲೆಯನ್ನು ರೋಗವೆಂದು ಬಗೆದು ಮತ್ತೊಂದು ಔಷಧ ಹೇಳಿದರೆ ಯಾರಿಗೆ ನಷ್ಟ?

ರೋಗವನ್ನಲ್ಲದೆ ಒಳ್ಳೆಯದನ್ನೂ ತೋರಿಸಬಹುದು. ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ಹಲಸಿನ ಮರದ ತಾಮ್ರಗೆಂಪಿನ ತೊಳೆಯನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದ್ದರಿಂದ ಅದು ‘ಸಿದ್ದು’ ಹಲಸೆಂದು ಹೆಸರಾಯಿತು. ಕಸಿಗಿಡಗಳನ್ನು ಬೆಳೆಸಿ ಮಾರಲು ಆ ಮನೆತನದವರೊಡನೆ ೨೦೧೭ರಲ್ಲಿ ಒಪ್ಪಂದವಾಯಿತು. ಹಿತ್ತಿಲಿನಲ್ಲಿ ಅಸಾಧಾರಣವಾದ ಮರವಿದ್ದವರು ಅದರ ಕಾಯಿ, ತೊಳೆ, ಎಲೆಗಳ ಚಿತ್ರವನ್ನು ಕಳುಹಿಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ಚಿತ್ರವು ಸಾಕ್ಷಿಯಾಗುವ ಸಂದರ್ಭಗಳು. ೨೦೨೦ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆಗೆ ರೈತರೇ ತಮ್ಮ ಜಮೀನಿನಲ್ಲಿ ನಿಂತು ಫೋನಿನಿಂದ ಬೆಳೆಯ ಚಿತ್ರ ತೆಗೆದು ದಾಖಲಿಸುವ ಅವಕಾಶವಿದೆ. ಪಹಣಿಯಲ್ಲಿ ಬೆಳೆ ನಮೂದಾಗುವುದಕ್ಕೂ ಬೆಂಬಲ ಬೆಲೆ, ವಿಮೆ, ಪರಿಹಾರಗಳಿಗೂ ಈ ದಾಖಲೆ ಆಧಾರ. ಬದುವಿನ ಮೇಲೆ ನಿಂತು ಪಕ್ಕದವರ ಹೊಲದ ಕಡೆಗೆ ಮುಖಮಾಡಿ ತೆಗೆದ ಚಿತ್ರದಿಂದ ಮುಂದೆ ತಕರಾರು ಹುಟ್ಟುವುದು. ಹೊಲದ ನಡುವಿಗೆ ನಡೆದುಹೋಗಿ ತೆಗೆಯತಕ್ಕದ್ದು. ೨೦೨೧ರ ನವೆಂಬರಿನಲ್ಲಿ ಬಂದ ಅಕಾಲದ ಮಳೆಯನ್ನು ಕುಣಿಗಲಿನ ರಾಗಿ ಬೆಳೆಗಾರರು ಮರೆತಿರಲಾರರು. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಪೈರು ಅಂಥ ಮಳೆಗೆ ಸಿಕ್ಕಿದರೆ, ಕೊಯ್ದ ೧೪ ದಿನಗಳೊಳಗಿನ ನಷ್ಟಕ್ಕೆ ಫಸಲ್ ಬಿಮಾ ಯೋಜನೆಯಲ್ಲಿ ಅವಕಾಶವುಂಟು. ಆದರೆ ನಷ್ಟವಾದ ೭೨ ಗಂಟೆಗಳೊಳಗೆ ತಿಳಿಸಬೇಕು. ತಮ್ಮ ಹೋಬಳಿಯಲ್ಲಿ ಆ ಬೆಳೆಗೆ ಇದು ಅನ್ವಯಿಸುವುದೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಮೆ ಕಟ್ಟುವಾಗಲೇ ಕೇಳಿಟ್ಟುಕೊಳ್ಳುವುದು ಒಳಿತು. ಮಳೆ ನಿಂತೊಡನೆ ಪೈರನ್ನು ಎತ್ತಿ ಒಣಗಿಸುವ ಆತುರ ಸಹಜವೇ. ಎತ್ತುವುದಕ್ಕೆ ಮುಂಚೆ, ಫೋನಿನಲ್ಲಿ ಸ್ಥಳದ ಗುರುತು ಬೀಳುವ ಏರ್ಪಾಡನ್ನು ತೆರೆದು, ನೀರಿನಲ್ಲಿ ಬಿದ್ದಿರುವ ಹಾಗೆಯೇ ನಾಲ್ಕು ಮೂಲೆಗಳಿಂದ ಚಿತ್ರ ತೆಗೆದಿಡಬೇಕು. ಮನೆಯ ಅಂಗಳಕ್ಕೆ ತಂದು ರಾಶಿಹಾಕಿದ ಮೇಲೆ ತೆಗೆದ ಚಿತ್ರದಿಂದ ಯಾರ ಹೊಲದ್ದೆಂಬುದು ಸಿದ್ಧಪಡದು.

ಚಿತ್ರವನ್ನು ನೋಡಿ ತಾನಾಗಿಯೇ ರೋಗದ ಹೆಸರು ಹೇಳುವ ಏರ್ಪಾಡುಗಳೂ ಫೋನಿನಲ್ಲಿ ಬಂದಿವೆ. ಕೇಂದ್ರ ಸರ್ಕಾರವು ೨೦೨೪ರ ಆಗಸ್ಟಿನಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯನ್ನು ಆರಂಭಿಸಿತು. ಇವು ಉಪಯುಕ್ತವಾದವೇ. ಆದರೆ ಗರಿಯ ಚಿತ್ರವೊಂದನ್ನೇ ನೋಡಿ ನಾನು ಮಾಡಿದ ತಪ್ಪನ್ನು ಯಂತ್ರವೂ ಮಾಡಬಲ್ಲದು. ಬುಡವನ್ನು ತೋರಿಸದಿದ್ದರೆ ಅದಕ್ಕೆ ಬುಡ ಗೊತ್ತಿಲ್ಲ. ಅದು ಹೇಳಿದ ಔಷಧವನ್ನು ಕೊಳ್ಳುವ ಮೊದಲು ಒಂದು ಸಲ ಅಧಿಕಾರಿಗಳನ್ನು ವಿಚಾರಿಸಬೇಕು.

ಬೇರಿನ ರೋಗ, ಜಂತುಹುಳು, ಮಣ್ಣಿನ ಕೊರತೆ ಇವುಗಳನ್ನು ಚಿತ್ರದಿಂದ ನಿಶ್ಚಯಿಸಲಾಗದು, ಮಾದರಿಯೇ ಬೇಕು. ಹಿರೇಹಳ್ಳಿಯಲ್ಲಿಯೂ ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಸತ್ತ ಬೇರನ್ನಲ್ಲ, ರೋಗ ತಗುಲುತ್ತಿರುವ ಬೇರನ್ನು ಅದರ ಸುತ್ತಣ ಹಿಡಿ ಮಣ್ಣಿನೊಡನೆ ತೆಗೆದು ಬಟ್ಟೆಯ ಚೀಲದಲ್ಲಿ ಹಾಕಬೇಕು. ಎಲೆಗಳನ್ನು ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುವುವು. ಮಾದರಿಯನ್ನು ಕಟ್ಟುವುದಕ್ಕೆ ಮುಂಚೆ ಗೋಣಿಚೀಲದ ಮೇಲೆ ಹರಡಿ ಅದರದೂ ಒಂದು ಚಿತ್ರ ತೆಗೆದು ಕಳುಹಿಸಿದರೆ, ದಾರಿಯಲ್ಲಿ ಅದು ಎಷ್ಟು ಬಾಡಿತೆಂಬುದು ತೆರೆದು ನೋಡುವವರಿಗೆ ಗೊತ್ತಾಗುವುದು.